ದೀಪದ ಮುಂದೆ ಓದದ ಶರ್ತು

ಬೀದರಿಗೆ ಬಂದ ಎರಡನೆಯ ದಿನ. ಹೊಸ ಮನೆಯ ಒಲೆಯ ಮೇಲೆ ಹಾಲು ಇನ್ನೂ ಉಕ್ಕಿರಲಿಲ್ಲ. ಹೊರಗೆ ಕಟ್ಟೆಯ ಮೇಲೆ ಕೂತ ಮುನ್ಷಿ ಸಾಹೇಬರು ಬಾಡಿಗೆಯ ಕಾಗದವನ್ನು ಗಟ್ಟಿಯಾಗಿ ಓದಿದರು: ಬಾಡಿಗೆದಾರ ಸತ್ತರೆ ಅವನ ಸಾಮಾನು ಯಾರ ಕೈಗೆ ಒಪ್ಪಿಸಬೇಕು? ಪರದೆಯ ಹಿಂದೆ ನಾನು ಎರಡೂ ಕಿವಿ ಮುಚ್ಚಿಕೊಂಡೆ. ಮನೆಗೆ ಕಾಲಿಟ್ಟ ಮರುದಿನವೇ ಹೀಗೆ ಕೇಳುವವರುಂಟೇ ಎಂದು ಮೈ ಉರಿಯಿತು. ನಮ್ಮ ಮನೆಯವರು ಮಾತ್ರ ಶಾಂತವಾಗಿ ಧಾರವಾಡದ ನನ್ನ ಅಣ್ಣನ ಹೆಸರು ಹೇಳಿದರು.

ಮುನ್ಷಿ ಎಂದರೆ ಇಲ್ಲಿ ಕಚೇರಿಯ ಮುಂದೆ ಕೂತು ಜನರ ಕಾಗದಪತ್ರ ಬರೆದುಕೊಡುವವರು. ಇವರು ನಮ್ಮ ಪಕ್ಕದ ಮನೆಯವರೇ. ಉರ್ದುವಿನಲ್ಲಿ ಬರೆದದ್ದನ್ನು ಕನ್ನಡದಲ್ಲಿ ತಿಳಿಸಿ, ಮೂರು ಸಲ ಓದಿದ ಮೇಲೆಯೇ ಸಹಿ ಹಾಕಿಸುವುದು ಅವರ ಪದ್ಧತಿ. ಪರದೆಯತ್ತ ತಿರುಗಿ, "ಪೂರಾ ಕೇಳ್ರಿ ಬಾಯಿ. ಕೇಳಿದ್ರ ಯಾರೂ ಸಾಯಂಗಿಲ್ರಿ," ಎಂದರು.

ನಮ್ಮಲ್ಲಿ ಹೀಗಲ್ಲ. ಧಾರವಾಡದಲ್ಲಿ ನಮ್ಮ ಮನೆಯವರ ಹೆಸರಿಗೆ ಆಯುರ್ವಿಮೆ ಮಾಡಿಸಿದ ಸಂಜೆ ನೆನಪಾಗುತ್ತದೆ. ಅಣ್ಣ ಮುಂಬೈಯ ಒಂದು ವಿಮಾ ಕಂಪನಿಯ ಏಜೆಂಟ. ಇಂಗ್ಲಿಷ್ ಕಾಗದ ಬಿಚ್ಚಿ ಒಂದೊಂದೇ ಶರ್ತನ್ನು ಕನ್ನಡದಲ್ಲಿ ಹೇಳತೊಡಗಿದ. ಮರಣ ಎಂಬ ಮಾತು ಬಂದದ್ದೇ ತಡ, ನಮ್ಮ ಅತ್ತೆ ದೇವರ ಜಗಲಿಯ ಕಡೆ ನೋಡಿ, "ದೀಪಾ ಹಚ್ಚಿದ ಹೊತ್ತಿನ್ಯಾಗ ಅದನ್ನ ಓದಬ್ಯಾಡಪಾ," ಎಂದರು. ನಾನೂ ದನಿಗೂಡಿಸಿದೆ, ಅದನ್ನು ಮುಚ್ಚಿಡುವುದಿಲ್ಲ. ಅಣ್ಣ ನಕ್ಕು ಎರಡು ಹಾಳೆ ಒಟ್ಟಿಗೇ ಮಗುಚಿದ. "ನಾ ಇದ್ದೀನಲ್ಲ. ಇಲ್ಲಿ ಸಹಿ ಮಾಡ್ರಿ ಭಾವ," ಎಂದ.

ಆಮೇಲೆ ನಮ್ಮ ಮನೆಯವರಿಗೆ ಬೀದರಿನ ಒಂದು ದವಾಖಾನೆಯಲ್ಲಿ ಔಷಧ ಕಲಸಿ ಕೊಡುವ ಕೆಲಸ ಸಿಕ್ಕಿತು. ಹೀಗೆ ಧಾರವಾಡದ ನೀವೆಲ್ಲ ಮೊಗಲಾಯಿ ಎಂದು ಕರೆಯುವ ಈ ನಿಜಾಮರ ಸೀಮೆಗೆ ಬಂದೆವು. ಅಲ್ಲಿ ಜಿಟಿಜಿಟಿ ಮಳೆಗೆ ಸೀರೆ ಒಣಗುತ್ತಿರಲಿಲ್ಲ. ಇಲ್ಲಿ ಒಣಗುವಷ್ಟರಲ್ಲಿ ಕೆಂಪು ಧೂಳು ಕೂತಿರುತ್ತದೆ. ರೊಟ್ಟಿ ಅಲ್ಲಿಯದೇ, ಪುಂಡಿಪಲ್ಯ ಮಾತ್ರ ಇನ್ನೂ ಹುಳಿ. ಭಾಲ್ಕಿಯ ಸಂತೆಯಲ್ಲಿ ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ ಬರುತ್ತದೆ. ನಾನು ಮೂರು ಭಾಷೆ ಕಲಸಿ ಚೌಕಾಸಿ ಮಾಡಿ ತೊಗರಿಬೇಳೆ ತಂದ ದಿನ ಇವರು ಅದನ್ನು ದವಾಖಾನೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದರು.

ಅಣ್ಣ ಒಮ್ಮೆ ಬಂದು ಎಂಟು ದಿನ ಇದ್ದ. ಅಷ್ಟೂರಿನ ಗೋರಿಗಳನ್ನು ತೋರಿಸಿದೆವು, ಬಿದರಿ ಕೆಲಸದ ಅಡಕೆ ಡಬ್ಬಿ ಕೊಟ್ಟೆವು. ಆ ವರ್ಷದ ವಿಮೆಯ ಕಂತನ್ನೂ ಅವನ ಕೈಯಲ್ಲೇ ಕಳಿಸಿದೆವು.

ಮರುವರ್ಷ ಔರಾದಿನ ಹಳ್ಳಿಗಳಿಗೆ ಜ್ವರದ ಔಷಧ ಒಯ್ದ ಇವರು, ತಾವೇ ಜ್ವರ ಹಿಡಿದು ಸಂತಪುರದಿಂದ ಗಾಡಿಯಲ್ಲಿ ಮಲಗಿ ಬಂದರು. ಐದನೆಯ ದಿನ ಹೋಗಿಬಿಟ್ಟರು. ವಿಮೆಯ ಹಣ ಬಂದರೆ ಧಾರವಾಡದಲ್ಲಿ ಎರಡು ಖೋಲಿಯ ಮನೆ ಹಿಡಿದು ಯಾರ ಹಂಗೂ ಇಲ್ಲದೆ ಇರಬೇಕು, ಉಳಿದದ್ದು ಅದೊಂದೇ ಆಸೆ. ಹಣದ ಬದಲು ಕಂಪನಿಯ ಕಾಗದ ಬಂತು. ಮುನ್ಷಿ ಸಾಹೇಬರು ಪಾಲಿಸಿಯನ್ನೂ ಪಕ್ಕದಲ್ಲಿಟ್ಟುಕೊಂಡು ಕೂತರು. ಅವರಿಗೆ ಇಂಗ್ಲಿಷೂ ಬರುತ್ತದೆ.

"ಇಂಗ್ಲಿಷರ ಸೀಮಿ ಬಿಟ್ಟು ಹೊರಗ ಮನಿ ಮಾಡಬೇಕಾದ್ರ ಮೊದಲ ಕಂಪನಿಗಿ ಬರದು ಒಪ್ಪಿಗಿ ತಗೋಬೇಕು. ಇಲ್ಲಂದ್ರ ಪಾಲಿಸಿ ರದ್ದು. ಹಿಂಗ ಅದ ನೋಡ್ರಿ ಬಾಯಿ."

"ನಾವೆಲ್ಲಿ ಹೊರಗ ಹೋಗೇವ್ರಿ? ಇಲ್ಲೂ ಕನ್ನಡನ ಮಾತಾಡ್ತಾರಲ್ರಿ."

"ಇದು ನಿಜಾಮ ಸರ್ಕಾರದ ಮುಲುಕ ಅದರಿ. ಆ ಕಾಗದಕ್ಕ ಇದು ಪರದೇಶ."

ಆ ಶರ್ತು ಅಣ್ಣ ಮಗುಚಿದ ಹಾಳೆಯಲ್ಲಿತ್ತು.

ನನ್ನನ್ನು ಕರೆದೊಯ್ಯಲು ಅವನು ಬಂದಾಗ ನೇರವಾಗಿ ಕೇಳಿದೆ. "ಈ ಶರ್ತು ನಿನಗ ಗೊತ್ತಿತ್ತೇನಣ್ಣಾ?"

ಅವನು ಅದೇ ಅಡಕೆ ಡಬ್ಬಿಯನ್ನು ತೆರೆದು ಮುಚ್ಚಿದ. "ಗೊತ್ತಿತ್ತು. ಕಂಪನಿಗೆ ತಿಳಿಸಿದ್ರ ಕಂತು ಏರಸ್ತಿದ್ರು. ಭಾವ ಪಾಲಿಸಿನ ಬಿಟ್ಟುಬಿಟ್ರ ನನ್ನ ಕಮಿಷನ್ನೂ ಹೋಗತಿತ್ತು. ಇಷ್ಟ ಲಗೂ ಹಿಂಗಾಗತೈತಿ ಅಂತ ಯಾರಿಗೆ ಗೊತ್ತಿತ್ತು ನೀಲಾ?"

"ನಮ್ಮ ಮನ್ಯಾಗ ಎಂಟು ದಿನ ಉಂಡು, ಕಂತು ಇಸಗೊಂಡು ಹೋದೆಲ್ಲೋ."

"ಮನಿಗೆ ನಡಿ. ನಾ ನೋಡ್ಕೋತೀನಿ."

ಯಾರೋ ಪರಕೀಯ ಮೋಸ ಮಾಡಿದ್ದರೆ ಹಿಡಿಶಾಪ ಹಾಕಿ ಹಗುರಾಗುತ್ತಿದ್ದೆ. ಒಡಹುಟ್ಟಿದವನೇ ಕುತ್ತಿಗೆ ಕೊಯ್ದ ಮೇಲೆ ಶಾಪ ಹಾಕಲೂ ಬಾಯಿ ಬರುವುದಿಲ್ಲ. ಊಟಕ್ಕೆ ಬಡಿಸಿ, ಅವನೊಬ್ಬನನ್ನೇ ಕಳಿಸಿದೆ.

ಈಗ ಅದೇ ದವಾಖಾನೆಯಲ್ಲಿ ಔಷಧದ ಪುಡಿ ಕಟ್ಟುತ್ತೇನೆ. ಇಲ್ಲಿಯವರಿಗೆ ನಾನು ಧಾರವಾಡದಾಕಿ. ನಿಮ್ಮ ಪತ್ರಗಳಲ್ಲಿ ಮೊಗಲಾಯಿಯ ನೀಲವ್ವ. ಮೊನ್ನೆ ಮನೆಯ ಬಾಡಿಗೆ ಕಾಗದವನ್ನು ನನ್ನ ಹೆಸರಿಗೆ ಮಾಡಿಸಿದೆ. ದೇವರ ದೀಪ ಉರಿಯುತ್ತಲೇ ಇತ್ತು. ಪರದೆ ಸರಿಸಿ ಕೂತು, ಕಿವಿ ಮುಚ್ಚದೆ, ಮೂರು ಸಲವೂ ಕೇಳಿದೆ. ಬಾಡಿಗೆದಾರಳು ಸತ್ತರೆ ಸಾಮಾನು ಯಾರ ಕೈಗೆ ಎಂಬಲ್ಲಿ ಮುನ್ಷಿ ಸಾಹೇಬರು ಲೇಖನಿ ಎತ್ತಿ ಹಿಡಿದು ನನ್ನ ಮುಖ ನೋಡಿದರು. ಅಣ್ಣನ ಹೆಸರು ನಾಲಿಗೆಯ ತನಕ ಬಂದು ನಿಂತಿತು.

"ವಿಚಾರ ಮಾಡಿ ಹೇಳ್ರಿ ಬಾಯಿ. ಜಲ್ದಿ ಏನಿಲ್ಲ," ಎಂದರು.

ಬೀದರಿನಿಂದ ಧಾರವಾಡದ ತನಕ ನನಗೆ ಗೊತ್ತಿರುವ ಮನೆಗಳನ್ನೆಲ್ಲ ಒಂದೊಂದಾಗಿ ನೆನೆದೆ. ಕಾಗದದಲ್ಲಿ ಆ ಜಾಗ ಇನ್ನೂ ಖಾಲಿ ಇದೆ.