ಗಾಳಿ ನುಗ್ಗದ ವ್ಯಾನು

ಗೋಲುಬನ ವ್ಯಾನಿನಲ್ಲಿ ಗಾಳಿ ನುಗ್ಗುತ್ತದೆ ಎಂದು ಯೋಕಾ ಅಜ್ಜಿ ಊರೆಲ್ಲ ಸಾರಿಕೊಂಡು ಬಂದದ್ದನ್ನು ಅವನು ಇವತ್ತಿಗೂ ಕ್ಷಮಿಸಿಲ್ಲ. ಕುಡುಕ ಅಂದಿದ್ದರೆ ನಕ್ಕುಬಿಡುತ್ತಿದ್ದ. ಕಳ್ಳ ಅಂದಿದ್ದರೆ ಬಾಗಿಲಿಗೆ ಹೋಗಿ ನಾಲ್ಕು ಮಾತು ಬೈದು ಬರುತ್ತಿದ್ದ, ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಗಾಳಿ! ಕೆಳಗಿನ ನಿಕ್ಷಿಚ್ ಪೇಟೆಯಿಂದ ಬೆಟ್ಟದ ಮೇಲಿನ ಝಾಬ್ಲ್ಯಾಕ್‌ಗೆ ಓಡುವ ವ್ಯಾನುಗಳಿಗೇನೂ ಬರವಿಲ್ಲ. ಅಷ್ಟರಲ್ಲೂ ಮುದುಕಿಯರು ಚೀಲ ಹಿಡಿದು "ಗೋಲುಬನದ್ದು ಯಾವುದಪ್ಪಾ?" ಎಂದು ಹುಡುಕಿಕೊಂಡು ಬರುತ್ತಿದ್ದದ್ದು ಅದರಲ್ಲಿ ಒಂದೆಳೆ ಗಾಳಿಯೂ ನುಗ್ಗುವುದಿಲ್ಲ ಎಂಬ ಒಂದೇ ಕಾರಣಕ್ಕೆ.

ಆ ಸೀಮೆಯ ಜನ ಹಿಮಕ್ಕೆ ಹೆದರುವವರಲ್ಲ. ಸೊಂಟದವರೆಗೆ ಹಿಮ ಬಿದ್ದರೂ ಅಂಗಿಯ ತೋಳು ಮಡಿಸಿ ಕಟ್ಟಿಗೆ ಒಡೆಯುತ್ತಾರೆ. ಅವರು ಹೆದರುವುದು ಸಂದಿಗಾಳಿಗೆ. ಈ ಕಿಟಕಿಯಿಂದ ಬಂದು ಆ ಬಾಗಿಲಿನಿಂದ ಹೋಗುವ ಗಾಳಿ ಇದೆಯಲ್ಲ, ಅದು ಕತ್ತು ಹಿಡಿಸುತ್ತದೆ, ಸೊಂಟ ಮುರಿಯುತ್ತದೆ, ಕೂಸಿನ ಕಿವಿಗೆ ಹೊಕ್ಕರೆ ಕೂಸನ್ನೇ ಒಯ್ಯುತ್ತದೆ. ಗೋಲುಬನಂತೂ ಎಲ್ಲರಿಗಿಂತ ಹೆಚ್ಚು ನಂಬಿದವನು. ಅವನಪ್ಪ ಎರಡು ಕಿಟಕಿಗಳ ನಡುವೆ ಮಲಗಿ ಎದ್ದ ಬೆಳಿಗ್ಗೆ ಬಾಯಿ ಸೊಟ್ಟಗಾಗಿತ್ತು. ಸಾಯುವವರೆಗೂ ಸೊಟ್ಟಗೇ ಇತ್ತು.

ಹೀಗಾಗಿ ಚಳಿಗಾಲ ಕಾಲಿಡುವ ಮೊದಲೇ ಗೋಲುಬ ವ್ಯಾನಿನ ಸಂದುಗೊಂದಿಗೆಲ್ಲ ಹಳೆಯ ಕಂಬಳಿಯ ಚೂರು ತುರುಕುತ್ತಿದ್ದ. ಅಷ್ಟಕ್ಕೆ ನಿಲ್ಲಲಿಲ್ಲ. ಒಬ್ಬ "ಕಿಟಕಿ ತೆಗಿ, ಸೆಕೆ" ಅನ್ನುವುದು, ಹಿಂದಿನವಳು "ಮುಚ್ಚು, ನನ್ನ ಕೊಲ್ತೀಯಾ?" ಅನ್ನುವುದು, ಈ ಜಗಳ ಕೇಳಿ ಕೇಳಿ ತಲೆಕೆಟ್ಟು ಒಂದು ದಿನ ಕಿಟಕಿ ಇಳಿಸುವ ಹಿಡಿಕೆಗಳನ್ನೆಲ್ಲ ಬಿಚ್ಚಿ ಮನೆಗೆ ಒಯ್ದು ಚಮಚಗಳ ಜೊತೆ ಎಸೆದ. ಹೆಂಡತಿ ದಾರಿಂಕಾ ನೋಡಿದಳು. "ನಿನ್ನ ಸಿಟ್ಟಿಗೂ ಹೀಗೆ ಒಂದು ಹಿಡಿಕೆ ಇದ್ದಿದ್ರೆ ಬಿಚ್ಚಿ ಒಲೆಗೆ ಹಾಕ್ತಿದ್ದೆ" ಅಂದಳು. ಅವಳ ಮಾತಿಗೆ ಅರ್ಥವಿತ್ತು. ಹಿಂದಿನ ವರ್ಷವಷ್ಟೇ ಅವನು ಕನ್ನಡಿ ಸರಿಯಾಗಿ ನಿಲ್ಲುವುದಿಲ್ಲ ಎಂದು ತನ್ನದೇ ವ್ಯಾನಿನ ಕನ್ನಡಿಗೆ ಗುದ್ದಿ ಕೈಗೆ ಹೊಲಿಗೆ ಹಾಕಿಸಿಕೊಂಡಿದ್ದ. ಇಬ್ಬರಿಗೂ ಮಕ್ಕಳಿರಲಿಲ್ಲ. ಮನೆಯಲ್ಲಿ ಬೈಸಿಕೊಳ್ಳಲು ಅವಳು, ದಾರಿಯಲ್ಲಿ ಬೈಸಿಕೊಳ್ಳಲು ವ್ಯಾನು.

ಆ ದಿನ ಮಧ್ಯಾಹ್ನವೇ ಬೆಟ್ಟದ ತಲೆ ಕಾಣದಂತಾಗಿತ್ತು. ನಿಕ್ಷಿಚ್‌ನ ನಿಲ್ದಾಣದಲ್ಲಿ ಚಾಲಕರೆಲ್ಲ ಕಾಫಿಯಂಗಡಿಯ ಒಲೆ ಸುತ್ತ ಕೂತು ಇವತ್ತು ಹೋಗುವುದಿಲ್ಲ ಎಂದು ತೀರ್ಮಾನಿಸಿಯಾಗಿತ್ತು. ಅಲ್ಲಿಗೆ ಝಾಬ್ಲ್ಯಾಕ್‌ನ ಯೋಕಾ ಅಜ್ಜಿ ಬಂದಳು. ಹಿಂದೆ ಸೊಸೆ ರೂಜಾ, ರೂಜಾಳ ಎದೆಯ ಮೇಲೆ ಆಸ್ಪತ್ರೆಯಿಂದ ಆಗಷ್ಟೇ ಬಿಡಿಸಿಕೊಂಡು ತಂದ ಗಂಡುಕೂಸು. ಮಗ ಎಲ್ಲೋ ಹಡಗಿನಲ್ಲಿ ದುಡಿಯುತ್ತಿದ್ದ. ಮಾರನೆಯ ದಿನ ಅವರ ಮನೆತನ ಕಾಯುವ ಸಂತನ ಹಬ್ಬ. ಕರೆಯದಿದ್ದರೂ ಊರೆಲ್ಲ ಬರುವ ದಿನ.

"ನಾಳೆ ದೀಪ ಹಚ್ಚೋ ಹೊತ್ತಿಗೆ ಮನೆಯ ಗಂಡಸು ಮನೇಲಿರಬೇಕು" ಎಂದು ಅಜ್ಜಿ ಕೂಸನ್ನು ತೋರಿಸಿದಳು. "ಇವನೇ ನಮ್ಮನೆ ಗಂಡಸು ಈಗ. ಯಾರು ಕರ್ಕೊಂಡ್ ಹೋಗ್ತೀರಿ?"

"ಗೋಲುಬ ಹೋಗ್ತಾನೆ ಬಿಡಜ್ಜಿ" ಅಂದ ಒಬ್ಬ ಚಾಲಕ ಕಪ್ಪಿನೊಳಗೇ ನಗುತ್ತಾ. "ಅವನ ವ್ಯಾನಿಗೆ ಗಾಳಿನೇ ತಾಗಲ್ವಲ್ಲ!"

ಎಲ್ಲರೂ ನಕ್ಕರು. ಗೋಲುಬ ಕೀಲಿ ತೆಗೆದುಕೊಂಡು ಎದ್ದುಬಿಟ್ಟ. ಅವನನ್ನು ಬೆಟ್ಟ ಹತ್ತಿಸಲು ಅಷ್ಟು ಸಾಕು.

ಷಾವ್ನಿಕ್ ಹಳ್ಳಿಯಲ್ಲಿ ನಿಲ್ಲಿಸಿ ಚಕ್ರಗಳಿಗೆ ಸರಪಳಿ ಬಿಗಿದ. ರಸ್ತೆಯ ಹಿಮ ತೆಗೆಯುವ ಲಾರಿಯ ವೂಕೊ ಅಲ್ಲೇ ಇದ್ದ. ಗೋಲುಬನ ಜೊತೆ ದನ ಕಾಯ್ದು ಬೆಳೆದವನು.

"ಹುಚ್ಚು ಹಿಡಿದಿದೆಯೇನೋ? ಮೇಲೆ ನನ್ನ ಲಾರಿಯ ಮೂತಿಯೇ ನನಗೆ ಕಾಣ್ತಿಲ್ಲ."

"ಹಿಂದೆ ಬಾ. ನಿನಗೂ ಒಂದು ಕೆಲಸ ಆದಂಗಾಯ್ತು."

"ಡೀಸೆಲ್ ತುಂಬಿಸ್ಕೊಂಡು ಬರ್ತೀನಿ. ಸಿಕ್ಕಾಕೊಂಡ್ರೆ ಅಲ್ಲೇ ಕೂತಿರು, ಸಿಟ್ಟು ಮಾಡ್ಕೊಂಡು ನಡೆಯೋಕೆ ಹೊರಡಬೇಡ, ಕತ್ತೆ."

ಷಾವ್ನಿಕ್ ದಾಟಿದ ಮೇಲೆ ರಸ್ತೆ ಎಂಬುದು ನೆನಪಿನಲ್ಲಿ ಮಾತ್ರ ಉಳಿಯಿತು. ಹಿಮ ಮೇಲಿನಿಂದ ಬೀಳುತ್ತಿರಲಿಲ್ಲ, ಅಡ್ಡಕ್ಕೆ ಹಾರುತ್ತಿತ್ತು. ವೈಪರ್ ಒಂದು ಸಲ ಒರೆಸಿದರೆ ಬಿಳಿ, ಮತ್ತೆ ಒರೆಸಿದರೂ ಬಿಳಿ. ಗೋಲುಬ ಗಾಜಿಗೆ ಮೂಗು ಹಚ್ಚಿ, ರಸ್ತೆಯಂಚಿನ ಕೆಂಪು ಕಂಬಗಳನ್ನು ಒಂದೊಂದಾಗಿ ಹುಡುಕುತ್ತಾ ಹೋಗುತ್ತಿದ್ದ. ಒಂದು ಸಿಕ್ಕಿದರೆ ಇನ್ನೊಂದು ಸಿಗುವವರೆಗೆ ಉಸಿರು ಮೇಲಕ್ಕೆ. ಎಡಕ್ಕೆ ಬಂಡೆ, ಬಲಕ್ಕೆ ಏನೂ ಇಲ್ಲ. ಹಿಂದೆ ಕೂಸು ಹೊರಟಾಗಿನಿಂದ ಒಂದೇ ರಾಗ ಹಿಡಿದಿತ್ತು. ಮುಂದಿನ ಸೀಟಿನಲ್ಲಿ ಯೋಕಾ ಅಜ್ಜಿ ತಿರುವು ಬಂದಾಗಲೆಲ್ಲ ಶಿಲುಬೆ ಗುರುತು ಹಾಕಿಕೊಂಡು ಬುದ್ಧಿ ಹೇಳುತ್ತಿದ್ದಳು.

"ನಿಧಾನ ಹೋಗು!"

"ನಿಧಾನ ಹೋದ್ರೆ ನಿಂತ್ಹೋಗತ್ತೆ ಅಜ್ಜಿ."

"ಹಾಗಾದ್ರೆ ಜೋರಾಗಿ ಹೋಗು!"

"ನೀನೇ ಬಾ, ಹಿಡಕೋ!" ಎಂದು ಗೋಲುಬ ಸ್ಟೀರಿಂಗ್ ಬಿಟ್ಟವನಂತೆ ಮಾಡಿದ. ಅಜ್ಜಿ ಕಿರುಚಿದಳು. ಹಿಂದಿನಿಂದ ರೂಜಾ, ಎಷ್ಟೋ ಹೊತ್ತಿನ ಮೇಲೆ ಮೊದಲ ಸಲ, ಕಿಸಕ್ಕೆಂದಳು.

ಘಟ್ಟದ ನೆತ್ತಿ ಇನ್ನೇನು ಬಂತು ಅನ್ನುವಾಗ ರಸ್ತೆಗೆ ಅಡ್ಡಲಾಗಿ ಹಿಮದ ದಿಬ್ಬ ಮಲಗಿತ್ತು. ವ್ಯಾನಿನ ಮೂತಿ ಅದರೊಳಗೆ ಹಿಟ್ಟಿನ ಮೂಟೆಗೆ ಹೊಕ್ಕಂತೆ ಹೊಕ್ಕಿತು. ಹಿಂದಕ್ಕೆ ತೆಗೆದರೆ ಚಕ್ರ ತಿರುಗಿದ್ದಲ್ಲೇ ತಿರುಗಿತು. ಫೋನು ಸತ್ತಿತ್ತು. ಇನ್ನು ವೂಕೊ ಬರಬೇಕು.

ಗೋಲುಬ ಬಿಸಿಗಾಳಿಗಾಗಿ ಎಂಜಿನ್ ಓಡುತ್ತಲೇ ಇರಲಿ ಎಂದು ಬಿಟ್ಟ. ಸುಮ್ಮನೆ ಕೂರುವುದು ಅವನಿಗೆ ಗೊತ್ತಿಲ್ಲದ ವಿದ್ಯೆ. ಕನ್ನಡಿ ಒರೆಸಿದ. ಹಾರ್ನ್ ಹೊಡೆದ. ವೂಕೊನಿಗೆ ಬೈದ, ಅವನ ಲಾರಿಗೆ ಬೈದ. ಯೋಕಾ ಅಜ್ಜಿ ಅವನ ತೋಳು ಹಿಡಿದುಕೊಂಡಳು. ದನಿ ಕುಗ್ಗಿತ್ತು.

"ಗೋಲುಬ, ಮಗನೇ. ಇವನನ್ನ ಮನೆ ಮುಟ್ಟಿಸು. ಮುಟ್ಟಿಸಿದ್ರೆ ಇವನ ಮೊದಲ ಕೂದಲು ನೀನೇ ಕತ್ತರಿಸ್ತೀಯ. ನೀನೇ ನಮ್ಮನೆ ಕೂಮ. ರೂಜಾ, ಕೇಳಿಸ್ಕೊಂಡ್ಯಾ?"

"ಕೇಳಿಸ್ತು ಅತ್ತೆ" ಅಂದಳು ರೂಜಾ.

ಇದು ಸುಮ್ಮನೆ ಆಡುವ ಮಾತಲ್ಲ. ಕೂಸಿನ ಮೊದಲ ಕೂದಲು ಕತ್ತರಿಸಿದವನು ಆ ಮನೆಗೆ ಕೂಮನಾಗುತ್ತಾನೆ. ಒಡಹುಟ್ಟಿದವನಿಗಿಂತ ಒಂದು ಕೈ ಮೇಲು. ಹಬ್ಬಕ್ಕೆ ಮೊದಲ ಕುರ್ಚಿ ಅವನದು, ಮದುವೆಗೆ ಮೊದಲ ಬಟ್ಟಲು ಅವನದು. ಆಗು ಎಂದು ಕೇಳಿದರೆ ಯಾರೂ ಬೇಡ ಅನ್ನುವಂತಿಲ್ಲ, ಕೇಳಿದವರು ಮಾತು ತಿರುಗಿಸುವಂತೆಯೂ ಇಲ್ಲ. ಮಕ್ಕಳಿಲ್ಲದ ಗೋಲುಬನನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ಅವನು ಮತ್ತೊಮ್ಮೆ ಹಾರ್ನ್ ಹೊಡೆದ.

ಸೈಲೆನ್ಸರಿನ ಬಾಯಿ ಹಿಮದಲ್ಲಿ ಮುಚ್ಚಿಹೋದರೆ ಹೊಗೆ ಒಳಗೇ ತಿರುಗುತ್ತದೆ ಎಂದು ಗೋಲುಬನಿಗೆ ಗೊತ್ತಿತ್ತು. ಸಲಿಕೆ ಹಿಡಿದು ಇಳಿದು ಕೆದರಿ ಬಂದ. ಸ್ವಲ್ಪ ಹೊತ್ತಿಗೆ ಮತ್ತೆ ಇಳಿದ. ಬಾಗಿಲು ತೆಗೆದಾಗಲೆಲ್ಲ ಬಿರುಗಾಳಿ ಒಳಗೆ ನುಗ್ಗಿ ಹಿಂದಿನ ಸೀಟಿನವರೆಗೂ ಹಿಮ ಎರಚುತ್ತಿತ್ತು. ಮೂರನೆಯ ಸಲ ಅವನು ಬಾಗಿಲಿಗೆ ಕೈ ಹಾಕಿದ್ದೇ ತಡ, ಯೋಕಾ ಅಜ್ಜಿ ಸೆರಗಿನಂತೆ ತನ್ನ ಶಾಲು ಹರಡಿ ಹಿಂದಕ್ಕೆ ಬಾಗಿದಳು.

"ತೆಗೀಬೇಡ! ಗಾಳಿ ಹೊಡೆದು ಕೂಸು ಸಾಯತ್ತೆ! ಹೆತ್ತವರಿಗಲ್ವಾ ಗೊತ್ತಾಗೋದು, ನಿನಗೇನು ಗೊತ್ತು ಕೂಸಿನ ವಿಷಯ?"

ಆ ಕೊನೆಯ ಮಾತು ಅವನಿಗೆ ಎಲ್ಲಿ ನಾಟಬೇಕೋ ಅಲ್ಲೇ ನಾಟಿತು.

"ಆಯ್ತು!" ಎಂದು ಸಲಿಕೆಯನ್ನು ಕಾಲಡಿ ಎಸೆದ. "ತೆಗೆಯಲ್ಲ! ನಿನ್ನ ಮೊಮ್ಮಗ, ನಿನ್ನ ಗಾಳಿ! ನಾನಿನ್ನು ಈ ಬಾಗಿಲು ಮುಟ್ಟಿದ್ರೆ ಕೇಳು!"

ಎದೆಯ ಮೇಲೆ ಕೈಕಟ್ಟಿ ಕೂತ. ಹಿಮ ಬಾಗಿಲ ಅರ್ಧಕ್ಕೆ ಬಂತು, ಗಾಜಿಗೆ ಬಂತು. ಬಿಸಿಗಾಳಿ ಬುಸುಗುಡುತ್ತಿತ್ತು. ಸಿಟ್ಟಿಗೋ ಏನೋ ಅವನ ಹಣೆ ಸಿಡಿಯತೊಡಗಿತು. ಕೂಸಿನ ಅಳು ಸಣ್ಣಗಾಯಿತು, ಆಮೇಲೆ ನಿಂತಿತು.

"ಅಂತೂ ಮಲಗಿತು" ಅಂದಳು ಅಜ್ಜಿ ಆಕಳಿಸುತ್ತಾ. "ನೋಡಿದ್ಯಾ, ಬೆಚ್ಚಗಿದ್ರೆ ಸಾಕು."

ದಾರಿಯುದ್ದಕ್ಕೂ ಆ ಅಳು ನಿಂತರೆ ಸಾಕಪ್ಪಾ ಅಂದುಕೊಂಡಿದ್ದವನು ಗೋಲುಬ. ಈಗ ನಿಂತ ಮೇಲೆ ತಡೆಯಲಾಗಲಿಲ್ಲ. ಮಗ್ಗುಲು ಬದಲಾಯಿಸಿದ. ಕಿವಿ ಹಿಂದಕ್ಕಿಟ್ಟ. ಇಷ್ಟು ಹೊತ್ತು ಒಂದೇ ಸಮನೆ ಅತ್ತ ಕೂಸು ಹೀಗೆ ಒಮ್ಮೆಲೇ, ಬಿಕ್ಕಳಿಕೆಯೂ ಇಲ್ಲದೆ ಮಲಗುತ್ತದೆಯೇ?

"ರೂಜಾ?"

ಅವನು ಹಿಂದಕ್ಕೆ ತಿರುಗಿದ.

"ರೂಜಾ!" ಕೈ ಚಾಚಿ ಅವಳ ಮೊಣಕಾಲು ಅಲುಗಿಸಿದ. ಅವಳ ತಲೆ ಪಕ್ಕಕ್ಕೆ ವಾಲಿತು. ತುಟಿಯಲ್ಲಿ ಏನೋ ಗೊಣಗಿದಳು, ಕಣ್ಣು ತೆರೆಯಲಿಲ್ಲ.

ಗೋಲುಬನ ಕೈ ತಾನಾಗಿ ಹೋಗಿ ಎಂಜಿನ್ ಆರಿಸಿತು. ಬಾಗಿಲು ತಳ್ಳಿದ, ಅಲುಗಲಿಲ್ಲ. ಹೊರಗೆ ಹಿಮ ಗೋಡೆಯಾಗಿತ್ತು. ಭುಜ ಕೊಟ್ಟ, ಒದ್ದ. ಕಿಟಕಿ! ಬೆರಳು ಹಿಡಿಕೆಗಾಗಿ ತಡಕಿತು. ಹಿಡಿಕೆಯಿದ್ದ ಜಾಗದಲ್ಲಿ ಮೊಳೆಯಷ್ಟೇ ಸಿಕ್ಕಿತು. ಹಿಡಿಕೆ ಮನೆಯಲ್ಲಿ ಚಮಚಗಳ ಜೊತೆ ಇತ್ತು.

ಸೀಟಿನ ಕೆಳಗಿಂದ ಜಾಕ್ ರಾಡ್ ಎಳೆದ. ತನ್ನ ಕಡೆ ಗಾಜಿನ ಮೇಲಿನವರೆಗೂ ಹಿಮದ ಗೋಡೆ, ಅಜ್ಜಿಯ ಕಡೆ ಬಾಗಿಲು ಮಾತ್ರ ಹುಗಿದಿತ್ತು. ಗಾಳಿ ಬರುವುದಿದ್ದರೆ ಅಜ್ಜಿಯ ಕಡೆಯ ಗಾಜಿನಿಂದಲೇ.

"ಮುಖ ಮುಚ್ಕೋ ಅಜ್ಜಿ!"

"ಏನ್ಮಾಡ್ತಿದ್ದೀಯೋ? ಲೇ! ಅಯ್ಯೋ, ಬೇಡ್ವೋ!"

ಅವಳ ಮೂಗಿನ ಮುಂದಿನಿಂದಲೇ ಬೀಸಿದ. ಮೊದಲ ಏಟಿಗೆ ಗಾಜು ಬಿರಿಯಿತು, ಎರಡನೆಯದಕ್ಕೆ ಅವಳ ಮಡಿಲಿಗೆ ಸುರಿಯಿತು. ಬಿರುಗಾಳಿ ಊಳಿಡುತ್ತಾ ಒಳಹೊಕ್ಕಿತು. ಗೋಲುಬ ಸೀಟುಗಳ ನಡುವೆ ನುಸುಳಿ, ಸತ್ತ ಕೋಳಿಮರಿಯಂತೆ ಜೋತುಬಿದ್ದ ಕೂಸನ್ನು ಕಸಿದುಕೊಂಡು, ಕಿಟಕಿಯ ಬಾಯಿಗೆ, ಗಾಳಿಗೆ ಎದುರಾಗಿಯೇ ಹಿಡಿದ. ಅಜ್ಜಿ ಅವನ ಬೆನ್ನಿಗೆ ಎರಡೂ ಮುಷ್ಟಿಯಿಂದ ಗುದ್ದುತ್ತಿದ್ದಳು.

"ಕೊಲೆಗಡುಕ! ಕೊಂದ, ನನ್ನ ಮೊಮ್ಮಗನನ್ನ ಕೊಂದ!"

"ಗುದ್ದು! ಗುದ್ದು, ನಿಲ್ಲಿಸಬೇಡ!" ಎಂದು ಅವನೂ ಅರಚಿದ. ಅವಳ ನಿದ್ದೆ ಬಿಡಲಿ ಎಂದೋ, ತನ್ನದು ಬಿಡಲಿ ಎಂದೋ.

ಕೂಸಿನ ಮುಖದ ಮೇಲೆ ಹಿಮ ಬಿತ್ತು. ಕರಗಿತು. ಮತ್ತೆ ಬಿತ್ತು. ಗೋಲುಬ ಅಂಗಾಲು ಉಜ್ಜಿದ, ಬಾಯಿಗೆ ಬಾಯಿ ಇಟ್ಟು ಊದಿದ. ಕೊನೆಗೆ ಕೂಸು ಮುಖ ಹಿಂಡಿ, ಕೆಮ್ಮಿ, ಬೆಟ್ಟಕ್ಕೆಲ್ಲ ಕೇಳುವಂತೆ ಅತ್ತಿತು. ಆ ಅಳು ಕೇಳಿ ರೂಜಾ ಕಣ್ಣು ಬಿಟ್ಟಳು, ವಾಂತಿ ಮಾಡಿಕೊಂಡಳು.

ವೂಕೊನ ಲಾರಿಯ ಹಳದಿ ದೀಪ ಬಂದಾಗ ಮೂವರೂ ಕೂಸನ್ನು ನಡುವೆ ಹಿಡಿದು ನಡುಗುತ್ತಾ ಒಂದೇ ಕಂಬಳಿಯಡಿ ಕೂತಿದ್ದರು. ವೂಕೊ ಅವರನ್ನು ಒಡೆದ ಕಿಟಕಿಯಿಂದಲೇ ಎಳೆದು ತನ್ನ ಲಾರಿಗೆ ಹತ್ತಿಸಿದ. ಅಜ್ಜಿ ಅವನ ಕೈಗೆ ಮುತ್ತಿಟ್ಟಳು. "ನೀನು ಬರದೇ ಇದ್ದಿದ್ರೆ ಈ ಹುಚ್ಚ ನಮ್ಮನ್ನ ಗಾಳಿಗೆ ಕೊಟ್ಟು ಕೊಂದೇಬಿಡ್ತಿದ್ದ" ಅಂದಳು.

ಹಬ್ಬದ ದೀಪ ಹೊತ್ತಿಗೆ ಸರಿಯಾಗಿ ಹಚ್ಚಿದರು. ಆದರೆ ಕೂಸಿನ ಕಿವಿ ಸೋರಲು ಶುರುವಾಯಿತು. ಹಬ್ಬಕ್ಕೆ ಬಂದವರಿಗೆಲ್ಲ ಅಜ್ಜಿ ಅದೇ ಕಿವಿ ತೋರಿಸಿದಳು. ನರ್ಸಮ್ಮ ಬಂದು ನೋಡಿ, ಕಿವಿ ವಾಸಿಯಾಗತ್ತೆ, ಆ ಹೊಗೆಯಿಂದ ಉಳಿದದ್ದೇ ದೊಡ್ಡದು ಅಂದಳು.

"ಹೊಗೆಯಂತೆ ಹೊಗೆ!" ಅಂದಳು ಯೋಕಾ ಅಜ್ಜಿ. "ನಮ್ಮಪ್ಪ ಹುಟ್ಟಿದಾಗಿಂದ ಒಲೆ ಮುಂದೆ ಹೊಗೆ ಕುಡ್ಕೊಂಡೇ ತೊಂಬತ್ತು ದಾಟಿದ. ಹೊಗೆಗೆ ಯಾರೂ ಸತ್ತಿಲ್ಲ. ಗಾಳಿ!"

ಗೋಲುಬ ಹಿಡಿಕೆಗಳನ್ನು ತಿರುಗಿ ಹಾಕಿದ, ಕಂಬಳಿ ಚೂರುಗಳನ್ನು ಕಿತ್ತೆಸೆದ. ನಿಕ್ಷಿಚ್‌ನಲ್ಲಿ ಒಂದು ಒಳ್ಳೆಯ ಕತ್ತರಿ ಕೊಂಡು ಕಾಗದ ಸುತ್ತಿಸಿದ. ದಾರಿಂಕಾ ಅವನ ಕೋಟಿಗೆ ಇಸ್ತ್ರಿ ಹಾಕಿಟ್ಟಳು. ಹಿಮ ಕರಗಿದ ಮೇಲೆ ಒಂದು ಭಾನುವಾರ ಅವನು ವ್ಯಾನು ಓಡಿಸಿಕೊಂಡು ಹೋಗುವಾಗ ಯೋಕಾ ಅಜ್ಜಿಯ ಅಂಗಳದಲ್ಲಿ ಮೇಜು ಹಾಕಿತ್ತು, ಕುರಿ ಸುಡುತ್ತಿದ್ದರು. ಮೊದಲ ಕುರ್ಚಿಯಲ್ಲಿ ವೂಕೊ ಕೂತಿದ್ದ.

ಮರುದಿನ ವೂಕೊನೇ ಹುಡುಕಿಕೊಂಡು ಬಂದ. "ನಾನೇನ್ ಮಾಡ್ಲೋ? ಕೂಮ ಆಗು ಅಂದ್ರೆ ಬೇಡ ಅನ್ನೋಕಾಗತ್ತಾ? ಅಜ್ಜಿ ನಿನಗೆ ಮಾತು ಕೊಟ್ಟಿದ್ದನ್ನ ರೂಜಾ ಆಮೇಲೆ ಹೇಳಿದ್ಳು, ಅಡುಗೆಮನೆಯಲ್ಲಿ, ಅಳ್ತಾ. ಹೋಗಿ ಕೇಳೋ, ಬಾಯಿಲ್ವಾ ನಿನಗೆ?"

ಊರಿನ ಎಲ್ಲದಕ್ಕೂ ಬಾಯಿ ಮಾಡುವ ಗೋಲುಬ ಇದಕ್ಕೆ ಮಾಡಲಿಲ್ಲ. ಬೈಯಲು ಹೊರಟಾಗಲೆಲ್ಲ ತಾನೇ ಹಿಡಿಕೆ ಬಿಚ್ಚಿದ್ದ ಆ ಬೋಳು ಮೊಳೆ ಬೆರಳಿಗೆ ಸಿಕ್ಕಂತಾಗುತ್ತಿತ್ತು.

ಯೋಕಾ ಅಜ್ಜಿ ಇವತ್ತಿಗೂ ಅವನ ವ್ಯಾನಿಗೇ ಬರುತ್ತಾಳೆ. ಉಳಿದವರದ್ದರಲ್ಲಿ ಇನ್ನೂ ಹೆಚ್ಚು ಗಾಳಿಯಂತೆ. ಮುಂದಿನ ಸೀಟಿನಲ್ಲೇ ಕೂತು, ಶಾಲು ಬಿಗಿದುಕೊಂಡು, ಹತ್ತುವಾಗಲೇ ಚಿಲ್ಲರೆ ಕೊಡುತ್ತಾಳೆ. ಗೋಲುಬ ತನ್ನ ಕಡೆಯ ಗಾಜನ್ನು ಒಂದು ಬೆರಳಿನಷ್ಟು ಇಳಿಸಿಯೇ ಹೊರಡುತ್ತಾನೆ.

"ಮುಚ್ಚೋ ಅದನ್ನ" ಅನ್ನುತ್ತಾಳೆ ಪ್ರತಿ ಸಲವೂ.

"ಅಜ್ಜಿ, ನೀನು ನನಗೊಂದು ಬಾಕಿ ಕೊಡಬೇಕು, ನೆನಪಿದ್ಯಾ?"

"ಕೊಟ್ನಲ್ಲ, ಎಣಿಸ್ಕೋ" ಎಂದು ಅಜ್ಜಿ ರಸ್ತೆಯತ್ತ ಮುಖ ತಿರುಗಿಸುತ್ತಾಳೆ.