ಹಿಂದ ಕುಂತಿದ್ದು ಸಾಕು

ರಾಯಚೂರಿನಲ್ಲಿ ನಾನು ಹೆಂಗಸರಿಗೆ ಸ್ಕೂಟರ್ ಓಡಿಸಲು ಕಲಿಸುತ್ತೇನೆ. ಮೊದಲು ನಮ್ಮ ಓಣಿಯವರಿಗೆ ಕಲಿಸಿದೆ, ಆಮೇಲೆ ಪಕ್ಕದ ಓಣಿಯವರು ಬಂದರು. ಅಲ್ಲಿಗೆ ನಿಂತಿತು. ಇಂಥದ್ದೊಂದು ಇದೆ ಎನ್ನುವುದೇ ಊರಿನ ಉಳಿದವರಿಗೆ ಗೊತ್ತಿರಲಿಲ್ಲ. ಗೊತ್ತಾಗಲೆಂದು ಬಸ್ ನಿಲ್ದಾಣದ ಹತ್ತಿರ ಒಂದು ಫ್ಲೆಕ್ಸ್ ಕಟ್ಟಿಸಿದೆ. ವಾರ ಕಳೆಯುವುದರೊಳಗೆ ಅದರ ಮೇಲೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಬಂದು ಕೂತಿತು. ಕೈಮುಗಿದು ನಿಂತ ಮುಖಂಡರು, ಸುತ್ತಲೂ ಬೆಂಬಲಿಗರ ಪುಟ್ಟ ಪುಟ್ಟ ತಲೆಗಳು. ನನ್ನ ಗಾಡಿಯ ಒಂದು ಚಕ್ರ ಮಾತ್ರ ಕೆಳಗಿನ ಮೂಲೆಯಲ್ಲಿ ಇಣುಕುತ್ತಿತ್ತು.

ಸಿಟ್ಟಿನಲ್ಲಿ ಫ್ಲೆಕ್ಸ್ ಮುದ್ರಿಸಿಕೊಟ್ಟವರ ಅಂಗಡಿಗೇ ಹೋದೆ. ಅವರು ಮನೆಯಲ್ಲಿ ದಖನಿ ಉರ್ದು ಮಾತಾಡುವವರು. ಮಾರುಕಟ್ಟೆಯ ಎಷ್ಟೋ ಬೋರ್ಡುಗಳು ಅವರ ಕೈಯಿಂದಲೇ ಬಂದವು. ನಾನು ಕೂಗಾಡಿ ಮುಗಿಸಿದ ಮೇಲೆ ಚಹಾ ತರಿಸಿದರು.

"ಅಕ್ಕಾ, ಆ ಬರ್ತ್‌ಡೇ ಫ್ಲೆಕ್ಸೂ ನಾನಾ ಮಾಡಿದ್ದು. ಏನ್ ಮಾಡ್ಲಿ? ಕಂಬ ಜೋರಿದ್ದವರದು. ನೀವು ಫೋನಿನಾಗ ಬರ್ರಿ. ಅಲ್ಲಿ ನಿಮ್ಮ ಮ್ಯಾಲ ಯಾರೂ ಫ್ಲೆಕ್ಸ್ ಕಟ್ಟಾಂಗಿಲ್ಲ."

ಅವರು ಆಗಷ್ಟೇ ಹೊಸ ಕೆಲಸ ಹಿಡಿದಿದ್ದರು. ಜಿಲ್ಲೆಯ ಸುದ್ದಿ ಓದಲು, ಭತ್ತ ಹತ್ತಿಯ ದರ ನೋಡಲು ಜನ ಫೋನಿನಲ್ಲಿ ತೆರೆಯುವ ಪುಟಗಳಿರುತ್ತವಲ್ಲ, ಅಲ್ಲಿ ಸುದ್ದಿಯ ನಡುವೆ ಬರುವ ಉದ್ದನೆಯ ಜಾಹೀರಾತು ಪಟ್ಟಿಗಳನ್ನು ಮಾಡಿಕೊಡುವುದು. ಅದಕ್ಕೂ ಬ್ಯಾನರ್ ಅಂತಲೇ ಹೆಸರು. ರಾಯಚೂರು, ಮಾನ್ವಿ, ದೇವದುರ್ಗದ ಜನರ ಫೋನಿನಲ್ಲಿ ಮಾತ್ರ ಕಾಣುವ ಹಾಗೆ ಹಾಕಬಹುದು ಎಂದರು. ನಾನು ಒಪ್ಪಿದೆ.

ಅವರು ಮಾಡಿ ತೋರಿಸಿದ ಮೊದಲ ಬ್ಯಾನರಿನಲ್ಲಿ ಹಾಲಿನಂಥ ಬಣ್ಣದ ಹುಡುಗಿಯೊಬ್ಬಳು ಕೂದಲು ಹಾರಿಸಿಕೊಂಡು ಸ್ಕೂಟರ್ ಮೇಲೆ ಹೋಗುತ್ತಿದ್ದಳು.

"ಯಾರ್ರೀ ಈಕಿ?" ಎಂದೆ.

"ಯಾರಿಗ್ ಗೊತ್ತಕ್ಕಾ, ಕಂಪ್ಯೂಟರಿನಾಗ ಸಿಗ್ತಾಳ."

"ತಲಿಮ್ಯಾಲ ಹೆಲ್ಮೆಟ್ ಇಲ್ಲ. ನಮ್ಮ ರಾಯಚೂರು ಬಿಸಿಲು ಒಂದಿನಾನೂ ಕಂಡಾಕಿ ಅಲ್ಲ. ಕಲಸಾಕಿ ನಾನು, ನನ್ನ ಮುಖ ಹಾಕ್ರಿ."

ಅವರು ಕಂಪ್ಯೂಟರ್ ಬಿಟ್ಟು ನನ್ನ ಕಡೆ ತಿರುಗಿದರು. "ಮನ್ಯಾಗ ಒಂದು ಮಾತು ಕೇಳಿ ಬರ್ತೀರೇನು?"

"ಮುಖ ನಂದು" ಎಂದೆ.

ಫೋಟೊದಲ್ಲಿ ನಾನು ಸೆರಗು ಬಿಗಿದು, ಹೆಲ್ಮೆಟ್ ಹಾಕಿ, ನನ್ನದೇ ಗಾಡಿಯ ಮೇಲೆ ಕೂತಿದ್ದೆ. ಬಿಸಿಲಿಗೆ ಕಪ್ಪಾದ ಮುಖವನ್ನು ಬೆಳ್ಳಗೆ ಮಾಡಲು ಬಿಡಲಿಲ್ಲ. ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿದ್ದು ಹೊಸಬರಿಗೆ ನಾನು ಮೊದಲ ದಿನ ಹೇಳುವ ಮಾತು: "ಹಿಂದ ಕುಂತಿದ್ದು ಸಾಕು". ಕೆಳಗೆ ಹೆಂಗಸರ ಸ್ಕೂಟರ್ ಕಲಿಕೆ, ರಾಯಚೂರು. ಅಷ್ಟೇ.

ಬ್ಯಾನರ್ ಜನರ ಫೋನಿನಲ್ಲಿ ಬರತೊಡಗಿತು. ಅದನ್ನು ಒತ್ತಿದರೆ ನನಗೆ ಕರೆ ಬರುವ ಹಾಗೆ ಮಾಡಿದ್ದರು. ನನ್ನ ಫೋನ್ ಮಾತ್ರ ಸುಮ್ಮನೆ ಬಿದ್ದಿತ್ತು. ಕೆಲವು ವಾರಗಳಾದ ಮೇಲೆ ಅಂಗಡಿಯವರೇ ಕರೆದು ಹೇಳಿದರು.

"ಅಕ್ಕಾ, ಸುಳ್ಳು ಹೇಳಾಂಗಿಲ್ಲ. ನೋಡೋರು ಭಾಳ ಮಂದಿ ನೋಡಾಕತ್ತಾರ, ಒತ್ತೋರು ಇಲ್ಲ. ಬಂದ್ ಮಾಡೂಣೇನು?"

"ಒತ್ತೋದು ಬ್ಯಾಡ ಬಿಡ್ರಿ. ನೋಡ್ಲಿ. ಹೆಣ್ಮಗಳು ಮುಂದ ಕುಂತಿದ್ದು ದಿನಾ ನೋಡಿ ನೋಡಿ ಅವರ ಕಣ್ಣಿಗಿ ರೂಢಿ ಆಗ್ಲಿ."

ರೂಢಿಯಾಗುವುದಕ್ಕೆ ಮೊದಲು ಕುಚೋದ್ಯ ಬಂತು. ಯಾರೋ ನನ್ನ ಬ್ಯಾನರಿನ ಚಿತ್ರ ತೆಗೆದು, ಕೆಳಗೆ "ಮುಂದ ಕುಂತು ಎಲ್ಲಿಗಿ ಹೊಂಟೀರಿ?" ಎಂದು ಬರೆದು ವಾಟ್ಸಾಪ್ ಗುಂಪುಗಳಲ್ಲಿ ಹರಿಬಿಟ್ಟರು. ತಿರುಗಿ ತಿರುಗಿ ನಮ್ಮ ಓಣಿಯ ಗುಂಪಿಗೂ ಬಂತು. ಅದನ್ನು ನೋಡಿದಾಗ ಅಳು ಬಂತು. ಮುಖ ತೊಳೆದುಕೊಂಡು ನೇರವಾಗಿ ಅಂಗಡಿಗೆ ಹೋಗಿ ಎರಡನೆಯ ಬ್ಯಾನರ್ ಮಾಡಿಸಿದೆ. ಅದೇ ಫೋಟೊ, ಅದೇ ಪ್ರಶ್ನೆ. ಕೆಳಗೆ ಉತ್ತರ: "ಪೋತ್ನಾಳಕ್ಕ. ಮಟಮಾರಿಗಿ. ಜಾಲಹಳ್ಳಿಗಿ. ಮನಸ್ಸು ಬಂದ ಕಡಿ."

ಅಂಗಡಿಯವರು ಆ ಸುತ್ತಲಿನ ಊರುಗಳ ಹೆಸರು ಜೋಡಿಸುತ್ತ ನಕ್ಕಿದ್ದೇ ನಕ್ಕಿದ್ದು.

ಆದರೆ ಮಾನ್ವಿಯಲ್ಲಿ ನಮ್ಮ ಮನೆಯವರು ಯಾರೂ ನಗಲಿಲ್ಲ. ನನ್ನ ಗಂಡನ ಅಣ್ಣ ಅಲ್ಲಿ ಅಕ್ಕಿ ಗಿರಣಿ ನಡೆಸುತ್ತಾರೆ. ಬಂದು ಹೋಗಿ ಎಂದು ಹೇಳಿಕಳಿಸಿದರು. ನಾನು ಗಾಡಿ ಓಡಿಸಿದೆ, ನನ್ನ ಗಂಡ ಹಿಂದೆ ಕೂತರು. ಪಡಸಾಲೆಯಲ್ಲಿ ಊರಿನ ಇನ್ನಿಬ್ಬರು ಹಿರಿಯರೂ ಇದ್ದರು. ನೀರು ಕೊಟ್ಟ ಮೇಲೆ ಭಾವನವರು ಮಾತು ತೆಗೆದರು.

"ಯವ್ವಾ, ನಮ್ಮ ಮನಿ ಸೊಸಿ ಮುಖ ಕಂಡಕಂಡವರ ಫೋನಿನಾಗ ಬರಾಕತ್ತದ. ಮಂದಿ ನಗಾಕತ್ತಾರ. ಅದನ್ನ ತಗಸು."

ಗಿರಣಿಯ ಖಾಲಿ ಚೀಲಗಳನ್ನು ಪಡಸಾಲೆಯ ಗೋಡೆಗೆ ಒಟ್ಟಿದ್ದರು. ಪ್ರತಿ ಚೀಲದ ಮೇಲೂ ಭಾವನವರ ಫೋಟೊ, ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಶಲ್ಯ.

"ಭಾವಾರೇ, ನಿಮ್ಮ ಮುಖ ಚೀಲದ ಮ್ಯಾಲ ಹೈದರಾಬಾದ್ ತನಕ ಹೋಗ್ತದ. ಗುರುತಿಲ್ಲದವರ ಅಡಗಿಮನ್ಯಾಗ ಕುಂದರ್ತದ. ನನ್ನ ಮುಖ ದೇವದುರ್ಗ ತನಕ ಹೋದ್ರ ಏನಾತ್ರಿ?"

"ಅದು ಬ್ಯಾರೆ. ಅದು ವ್ಯಾಪಾರದ್ದು."

"ನಂದೂ ವ್ಯಾಪಾರಾನಾ ರೀ. ತಗಸಾಂಗಿಲ್ಲ."

ಹಿರಿಯರೊಬ್ಬರು ಕೆಮ್ಮಿದರು. ಭಾವನವರು ತಮ್ಮನ ಕಡೆ ತಿರುಗಿದರು. "ನೀನರ ಹೇಳಲೇ."

ನನ್ನ ಗಂಡ ಮಾತು ಕಡಿಮೆ ಆಡುವವರು. ಆ ದಿನ ಯಾವ ಕಡೆ ವಾಲುತ್ತಾರೋ ಎಂದು ನನಗೇ ಗೊತ್ತಿರಲಿಲ್ಲ. "ಅಕಿ ದುಡಿಮಿ, ಅಕಿ ಮುಖ. ನಾ ಏನ್ ಹೇಳ್ಲಿ ಅಣ್ಣಾ?" ಎಂದು ಎದ್ದು ನಿಂತರು. ನಾವು ಊಟ ಮಾಡದೆಯೇ ಹೊರಟೆವು. ಅಂದಿನಿಂದ ಭಾವನವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಬೇಸರವಾಗುತ್ತದೆ, ಇಲ್ಲ ಎನ್ನುವುದಿಲ್ಲ. ಆದರೆ ಬ್ಯಾನರ್ ತೆಗೆಸಲಿಲ್ಲ.

ಅದಾಗಿ ಕೆಲವು ತಿಂಗಳಿಗೆ ಒಂದು ಮದುವೆಗೆಂದು ದೇವದುರ್ಗಕ್ಕೆ ಹೋಗಿದ್ದೆ. ಬಳೆ ಅಂಗಡಿಯಲ್ಲಿ ಪಕ್ಕದಲ್ಲಿದ್ದ ಹೆಂಗಸು ಕೈಯಲ್ಲಿದ್ದ ಬಳೆ ಹಾಗೇ ಹಿಡಿದು ನನ್ನನ್ನೇ ನೋಡತೊಡಗಿದರು. ಮತ್ತೊಂದು ಜಗಳ ಬಂತು ಎಂದು ನಾನು ಸೆರಗು ಬಿಗಿದೆ.

"ನೀವು ಫೋನಿನಾಗ ಬರೋರಲ್ರೀ?"

"ಹೌದ್ರಿ. ಏನೀಗ?"

"ನಾ ಜಾಲಹಳ್ಳಿ ಕಡಿ ಸಾಲಿ ಟೀಚರ್ ರೀ. ದಿನಾ ಬಸ್ಸಿಗಿ ಕಾಯ್ಕೋತ ನಿಮ್ಮನ್ನ ನೋಡ್ತೀನಿ. ಒತ್ತಿದ್ರ ಬ್ಯಾಂಕಿನಾಗಿಂದ ರೊಕ್ಕ ಹೋಗ್ತದಂತ ಅಂಜಿ ಒಂದಿನಾನೂ ಒತ್ತಿಲ್ಲ. ಖರೆ ನೋಡಿ ನೋಡಿ ನೀವು ನಮ್ಮ ಪೈಕಿಯವರ ಹಾಂಗ ಆಗಿಬಿಟ್ಟೀರಿ." ಅವರು ನನ್ನ ಕೈ ಹಿಡಿದುಕೊಂಡರು. "ನಮ್ಮಂಥವರು ಇಲ್ಲಿ ಭಾಳ ಮಂದಿ ಅದೀವಿ. ರಾಯಚೂರಿಗಿ ಬರಾಕ ಆಗಾಂಗಿಲ್ಲ. ನೀವಾ ಇಲ್ಲಿಗಿ ಬಂದು ಕಲಸ್ತೀರೇನು?"

ಈಗ ಭಾನುವಾರ ನಾನು ದೇವದುರ್ಗದಲ್ಲಿರುತ್ತೇನೆ. ಊರ ಹೊರಗಿನ ಬಯಲಿನಲ್ಲಿ ಕಲಿಸುತ್ತೇನೆ. ಮೊದಲ ಭಾನುವಾರ ಟೀಚರ್ ಗಾಡಿ ಹತ್ತಿ ಕೂತಾಗ ರಸ್ತೆಯ ಬದಿಯಲ್ಲಿ ಐದಾರು ಗಂಡಸರು ಸೇರಿ ಫೋನ್ ಎತ್ತಿ ವಿಡಿಯೋ ಮಾಡತೊಡಗಿದರು. ಟೀಚರ್ ಇಳಿಯಲು ಕಾಲು ಕೆಳಗಿಟ್ಟರು. ನಾನು ಅವರ ಹೆಗಲ ಮೇಲೆ ಕೈಯಿಟ್ಟು ಆ ಗಂಡಸರ ಕಡೆ ತಿರುಗಿದೆ.

"ತಗೀರಿ, ಚಂದಾಗಿ ತಗೀರಿ! ನಿಮ್ಮ ಗ್ರೂಪಿನಾಗೆಲ್ಲಾ ಕಳಸ್ರಿ. ನಮಗೂ ಕಲಿಯೋ ಮಂದಿ ಬೇಕಾಗ್ಯಾರ."

ಫೋನುಗಳು ಒಂದೊಂದಾಗಿ ಕೆಳಗಿಳಿದವು. ಟೀಚರ್ ಕಾಲು ಮೇಲೆತ್ತಿಕೊಂಡು ಮೆಲ್ಲಗೆ ಗಾಡಿ ಮುಂದಕ್ಕೆ ಬಿಟ್ಟರು.