ಮದ್ದೂರಿನ ಜೋಯಿಸರ ತಿಥಿಪಟ್ಟಿ

ಮದ್ದೂರಿನ ಚಲುವನಾರಾಯಣ ಜೋಯಿಸರಿಗೆ ಇನ್ನೂರು ಮನೆಗಳ ಹಿರಿಯರ ತಿಥಿ ಬಾಯಿಪಾಠವಾಗಿತ್ತು. ಮರೆತು ಬಂದವನನ್ನು ಪಂಚಾಂಗ ಬಿಚ್ಚುವ ಮೊದಲೇ ತರಾಟೆಗೆ ತೆಗೆದುಕೊಳ್ಳುತ್ತಿದ್ದರು: "ಹೆತ್ತವಳ ತಿಥಿ ಮರೆಯೋನು, ಊಟ ಮರೀತೀಯೇನಯ್ಯ?" ಬೈಸಿಕೊಂಡವನು ಮರುವರ್ಷವೂ ಅವರನ್ನೇ ಕರೆಯುತ್ತಿದ್ದ.

ಅರವತ್ತೆಂಟು ತುಂಬಿದ ಮೇಲೆ ಆ ನೆನಪು ಸೋರತೊಡಗಿತು. ಹಲಗೂರಿನ ಒಂದು ಮನೆಗೆ ತಿಂಗಳು ಮೊದಲೇ ಹೋಗಿ ನಿಂತರು. ಚಿಕ್ಕರಸಿನಕೆರೆಯ ಮನೆಗೆ ಹೋಗಲೇ ಇಲ್ಲ. ಜನ ಎದುರಿಗೆ ಏನೂ ಅನ್ನಲಿಲ್ಲ, ಬೇರೆಯವರನ್ನು ಕರೆಸಿಕೊಂಡರು. ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಮಗಳು ಹರಿಪ್ರಿಯಾ ಮಂಡ್ಯದ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವಳು. ಮನೆಯ ಹಳೆ ಕಂಪ್ಯೂಟರಿಗೆ ಲಿನಕ್ಸ್ ಎಂಬ ತಂತ್ರಾಂಶ ಹಾಕಿ ಒಂದು ಪ್ರೋಗ್ರಾಂ ಬರೆದಳು. ದಿನಾ ಬೆಳಗ್ಗೆ ಐದಕ್ಕೆ ಅದು ತಾನೇ ಓಡಿ, ಐದು ದಿನ ಮುಂದೆ ಯಾರ ತಿಥಿ ಬರುತ್ತದೆಂದು ನೋಡಿ, ಆ ಮನೆಗೂ ಅಪ್ಪನಿಗೂ ಮೆಸೇಜು ಕಳಿಸಬೇಕು. ಹೊತ್ತಿಗೆ ಸರಿಯಾಗಿ ಓಡಿಸುವ ಕೆಲಸ ಕ್ರಾನ್ ಎಂಬುದರದ್ದು. ಅದಕ್ಕೆ ಬರೆದು ಕೊಡಬೇಕಾದ್ದು ಒಂದೇ ಸಾಲು: ನಿಮಿಷ, ಗಂಟೆ, ತಾರೀಕು, ತಿಂಗಳು, ವಾರ. ನಿಮಿಷಕ್ಕೆ ಸೊನ್ನೆ, ಗಂಟೆಗೆ ಐದು, ಉಳಿದ ಮೂರಕ್ಕೂ ನಕ್ಷತ್ರದ ಗುರುತು, ಅಂದರೆ ಯಾವ ದಿನವಾದರೂ ಸರಿ.

"ನಮ್ಮ ಪಂಚಾಂಗಕ್ಕೂ ಐದೇ ಅಂಗ ಕಣಮ್ಮ. ಇದರಲ್ಲಿ ತಿಥಿಯೇ ಇಲ್ಲ, ನಕ್ಷತ್ರ ಮಾತ್ರ ಮೂರು!" ಎಂದು ಜೋಯಿಸರು ನಕ್ಕರು. ವಾರವೆಲ್ಲ ಕೂತು, ಹಳೆಯ ಚೀಟಿಗಳನ್ನು ಹುಡುಕಿ ಪಟ್ಟಿ ಬರೆಸಿದರು. ಆಮೇಲೆ ಒಂದು ಮನೆಯೂ ತಪ್ಪಲಿಲ್ಲ. ಬಿಟ್ಟುಹೋದವರು ಕೂಡ ಮತ್ತೆ ಕರೆದರು.

ಕಾರ್ತಿಕದಲ್ಲಿ, ಮೆಸೇಜು ಬಂದ ಪ್ರಕಾರ, ಮಳವಳ್ಳಿಯ ಸುಧೀಂದ್ರನ ಮನೆಗೆ ಅವನ ತಾಯಿಯ ತಿಥಿ ಮಾಡಿಸಲು ಹೋದರು. ಎಳ್ಳುನೀರು ಬಿಡುತ್ತಾ ಸುಧೀಂದ್ರ ಕೇಳಿದ: "ನಿಮ್ಮ ಮನೆಯವರು ಹೋಗಿ ಮೂರನೇ ದಿನಕ್ಕೇ ನಮ್ಮಮ್ಮ ಹೋಗಿದ್ದು. ಮೊನ್ನೆ ನಿಮ್ಮನೇಲಿ ಎಲ್ಲಾ ಸಾಂಗವಾಗಿ ಆಯ್ತಾ ಜೋಯಿಸರೇ?"

ಜೋಯಿಸರು ಬೆರಳು ಮಡಿಚಿ ಎಣಿಸಿದರು, ತಿಥಿ ಮೊನ್ನೆಯೇ ದಾಟಿಹೋಗಿತ್ತು. ಹೆಂಡತಿ ಗೋದಮ್ಮ ತೀರಿಕೊಂಡು ನಾಲ್ಕು ವರ್ಷ. ಗಂಡುಮಕ್ಕಳಿಲ್ಲದ ಮನೆ, ತಿಥಿ ಮಾಡಬೇಕಾದವರು ಅವರೇ. ಊರವರದನ್ನೆಲ್ಲ ಬರೆಸಿದವರು ಅವಳದನ್ನು ಬರೆಸಿರಲಿಲ್ಲ. ತನ್ನ ಮನೆಯ ತಿಥಿಯನ್ನು ಯಾವ ಪುರೋಹಿತ ತಾನೇ ಬರೆದಿಟ್ಟುಕೊಳ್ಳುತ್ತಾನೆ! ಮಂತ್ರವನ್ನು ಒಂದಕ್ಷರ ತಪ್ಪದೆ ಮುಗಿಸಿದರು. ಊಟಕ್ಕೆ ಕರೆದಾಗ ಹೊಟ್ಟೆ ಸರಿಯಿಲ್ಲವೆಂದು ಸುಳ್ಳು ಹೇಳಿ ಬಸ್ಸು ಹತ್ತಿದರು.

"ಅಮ್ಮ ಹೋದ ತಾರೀಕು ಮುಂದಿನ ವಾರ ಬರುತ್ತೆ, ತಿಥಿ ನೀವೇ ಹೇಳ್ತೀರಿ ಅಂತ ಸುಮ್ಮನಿದ್ದೆನಪ್ಪ," ಎಂದು ಹರಿಪ್ರಿಯಾ ಅತ್ತಳು. ತಪ್ಪಿದ್ದನ್ನು ಅಮಾವಾಸ್ಯೆಗೆ ಮಾಡಬಹುದು, ಶಾಸ್ತ್ರದಲ್ಲಿದೆ. ಎಷ್ಟೋ ಮನೆಗೆ ಆ ಸಮಾಧಾನ ಹೇಳಿದ್ದ ಜೋಯಿಸರು ಕಂಪ್ಯೂಟರಿನ ಮುಂದೆ ಬಂದು ಕೂತರು.

"ಕಾರ್ತಿಕ ಬಹುಳ ತದಿಗೆ," ಎಂದರು. ಅವಳು ಅಮ್ಮನ ಹೆಸರು ಸೇರಿಸಿದಳು.

"ಅದರ ಕೆಳಗೆ ನನ್ನ ಹೆಸರೂ ಹಾಕು. ತಿಥಿ ಖಾಲಿ ಬಿಡು, ಆಮೇಲೆ ನೀನೇ ತುಂಬು. ಮಾಡೋಕೆ ಯಾರೂ ಇಲ್ಲ, ಮೆಸೇಜಾದ್ರೂ ಬರಲಿ."

ಹರಿಪ್ರಿಯಾ ಹೆಸರು ಬರೆದಳು. ಯಾರ ನಂಬರಿಗೆ ಕಳಿಸಬೇಕೆಂದು ಕೇಳಲಿಲ್ಲ, ತನ್ನದನ್ನೇ ಹಾಕಿದಳು.